ಸಾ: ಮಸ್ಕಿ, ತಾ: ಮಸ್ಕಿ

ಹೇಳಿಕೊಳ್ಳಲು ಸ್ವಲ್ಪ ನಾಚಿಕೆ, ಆದರೂ ನಿಮ್ಮ ಮುಂದೆ ಏನು ಮುಚ್ಚುಮರೆ. ನನಗೆ ವಿಳಾಸ ಬರೆಯುವ ಹುಚ್ಚು ಹಿಡಿದು ಕೆಲವು ವರ್ಷಗಳಾದವು. ಬ್ಯಾಂಕಿನ ಚೀಟಿ, ಗ್ಯಾಸಿನ ಅರ್ಜಿ, ಬಟ್ಟೆ ಅಂಗಡಿಯ ಲಕ್ಕಿ ಡ್ರಾ, ಎಲ್ಲಿ ವಿಳಾಸದ ಖಾಲಿ ಜಾಗ ಕಂಡರೂ ಕೈ ತುರಿಸುತ್ತದೆ. ‘ಸಾ’ ಎಂದು ಅಚ್ಚಾದ ಕಡೆ ವಾಸದ ಊರು ಬರೆಯಬೇಕಲ್ಲ, ಬರೆಯುತ್ತೇನೆ: ಮಸ್ಕಿ. ‘ತಾ’ ಎಂದಿರುವ ಕಡೆ ತಾಲೂಕು. ಏನು ಬರೆಯುತ್ತೇನೆ ಹೇಳಿ? ಮಸ್ಕಿ! ಒಂದೇ ಹೆಸರನ್ನು ಎರಡು ಸಲ ಬರೆಯುವುದರಲ್ಲಿ ಇಷ್ಟೊಂದು ಸುಖ ಇದೆಯೆಂದು ನನಗೆ ಮೊದಲು ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ತಾಲೂಕು ಕೇಂದ್ರದಲ್ಲೇ ಇದ್ದವರಿಗೆ ಈಗಲೂ ಗೊತ್ತಿರಲಿಕ್ಕಿಲ್ಲ.

ಮೊದಲೆಲ್ಲ ‘ತಾ’ ಎಂದರೆ ಲಿಂಗಸುಗೂರು. ಅದು ನಮಗೆ ಹಿರಿಯಣ್ಣನ ಮನೆ ಇದ್ದ ಹಾಗೆ. ಬ್ರಿಟಿಷರ ದಂಡಿನ ಛಾವಣಿ ಕಂಡ ಊರು, ಕಚೇರಿ ಕಂಡ ಊರು, ಗತ್ತು ಇದ್ದೇ ಇತ್ತು. ಇನ್ನೊಂದು ದಿಕ್ಕಿಗೆ ಸಿಂಧನೂರು. ಕಾಲುವೆ ನೀರು, ಭತ್ತದ ಗದ್ದೆ, ಟ್ರ್ಯಾಕ್ಟರ್ ಶೋರೂಮು. ಸಂತೆಯಲ್ಲಿ ತೆಲುಗು ಕಿವಿಗೆ ಬಿದ್ದರೆ ಯಾರೂ ತಿರುಗಿ ನೋಡುವುದಿಲ್ಲ. ಇವೆರಡರ ನಡುವೆ ಬಸ್ಸು ಐದು ನಿಮಿಷ ನಿಲ್ಲುವ ಊರು ನಮ್ಮದು. ಕಿಟಕಿಯಿಂದ ತಲೆ ಹಾಕಿ ಶೇಂಗಾ ಕೊಂಡವರು “ಇದ್ಯಾವ ಊರು?” ಎಂದು ಸಹ ಕೇಳುತ್ತಿರಲಿಲ್ಲ.

ಹಾಗಿದ್ದ ಮಸ್ಕಿ ತಾಲೂಕಾಯಿತು ನೋಡಿ, ಊರಿಗೆ ಊರೇ ಮದುಮಗನಂತೆ ಬೀಗತೊಡಗಿತು. ಬೋರ್ಡು ಬರೆಯುವವನಿಗೆ ಊಟಕ್ಕೂ ಪುರುಸೊತ್ತಿಲ್ಲ. ರಾತ್ರಿ ಬೆಳಗಾಗುವುದರೊಳಗೆ ಝೆರಾಕ್ಸ್ ಅಂಗಡಿಗಳು ಹುಟ್ಟಿಕೊಂಡವು. ರಂಗೋಲಿ ಸ್ಪರ್ಧೆ ಕೂಡ ತಾಲೂಕು ಮಟ್ಟದ್ದೇ ಆಗಬೇಕು. ನಮ್ಮ ಓಣಿಯ ಒಬ್ಬರು ಮಗಳ ಲಗ್ನಪತ್ರಿಕೆಯಲ್ಲಿ ‘ತಾ: ಲಿಂಗಸುಗೂರು’ ಎಂದು ಅಚ್ಚಾಗಿದ್ದಕ್ಕೆ ಅಷ್ಟನ್ನೂ ವಾಪಸು ಕೊಟ್ಟು ಹೊಸದು ಮಾಡಿಸಿದರು. ಅದರಲ್ಲಿ ವರನ ಹೆಸರು ತಪ್ಪಾಗಿತ್ತು. ಅದನ್ನು ಪೆನ್ನಿನಿಂದ ತಿದ್ದಿಕೊಂಡರು.

ಹೆಸರಿನ ವಿಷಯದಲ್ಲಿ ನಮ್ಮೂರಿಗೆ ಇಷ್ಟು ಅಕ್ಕರೆ ಇರುವುದು ಸಹಜವೇ. ಬೇರೆ ಎಷ್ಟೋ ಕಡೆ ಬಂಡೆಗಳ ಮೇಲೆ ಬರೀ ಬಿರುದು ಕೆತ್ತಿಸಿ ಸುಮ್ಮನಾದ ಮೌರ್ಯ ಚಕ್ರವರ್ತಿ, ನಮ್ಮ ಗುಡ್ಡದ ಬಂಡೆಯ ಮೇಲೆ ಸ್ವಂತ ಹೆಸರು ಹಾಕಿಸಿದ್ದಾನೆ. ಇಡೀ ದೇಶವೇ ಬಂದು ಓದಿಕೊಂಡು ಹೋಗುತ್ತದೆ. ಆದರೆ ಆ ಪುಣ್ಯಾತ್ಮ ಕೂಡ ತಾಲೂಕು ಯಾವುದೆಂದು ಬರೆಸಿಲ್ಲ. ಮುಂದೆ ಬದಲಾದೀತೆಂಬ ಅನುಮಾನ ಅವನಿಗೂ ಇದ್ದಿರಬೇಕು.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ‘ನಮ್ಮ ತಾಲೂಕು ಮಸ್ಕಿ’ ಎಂದು ಮಕ್ಕಳಿಂದ ಹತ್ತು ಹತ್ತು ಸಲ ಬರೆಸಿದವಳು. ಲಿಂಗಸುಗೂರು ಎಂದು ಬರೆದವರನ್ನು ಬೆಂಚಿನ ಮೇಲೆ ನಿಲ್ಲಿಸಿದವಳು. ಇದನ್ನು ನೆನಪಿಟ್ಟುಕೊಂಡು ಮುಂದಿನದನ್ನು ಓದಿ.

ನನ್ನ ಮಗಳು ಸುಜಾತಾಗೆ ಸಿಂಧನೂರಿನಲ್ಲಿ ನರ್ಸಿಂಗ್ ಸೀಟು ಸಿಕ್ಕಿತು. ಹಾಸ್ಟೆಲ್ ಅರ್ಜಿಗೆ ತಾಸೀಲ್ದಾರರ ಸಹಿ, ಶಿಕ್ಕಾ ಬೇಕು. ಸಂಜೆ ಐದರೊಳಗೆ ಅರ್ಜಿ ಕೊಡದಿದ್ದರೆ ಜಾಗ ಬೇರೆಯವರ ಪಾಲು. ಹಾಸ್ಟೆಲ್ ಇಲ್ಲದಿದ್ದರೆ ನರ್ಸಿಂಗೂ ಇಲ್ಲ. ಬೆಳಗಿನ ಆರಕ್ಕೇ ಡ್ಯೂಟಿ ಹಾಕುವ ಆಸ್ಪತ್ರೆಗೆ ಬಸ್ಸು ನಂಬಿಕೊಂಡು ಹೋಗಲಾದೀತೇ? ಎಲ್ಲವನ್ನೂ ಕೊನೆಯ ದಿನಕ್ಕೆ ಬಿಡುವುದು ನಮ್ಮ ಮನೆತನದ ಗುಣ. ಆ ಕೊನೆಯ ದಿನ ಮಗಳನ್ನು ಸಿಂಧನೂರಿನಲ್ಲಿ ಸಾಲಿಗೆ ನಿಂತು ಪಾಳಿ ಹಿಡಿಯಲು ಕಳಿಸಿ, ನಾನು ಶಾಲೆಗೆ ರಜೆ ಹಾಕಿ, ಇಸ್ತ್ರಿ ಸೀರೆ ಉಟ್ಟು, ಸಹಿ ಮಾಡಿಸಲು ಹೊರಟೆ. ಬಸ್ಸು ಬಂತು, ಹತ್ತಿದೆ, ಕಿಟಕಿಯ ಸೀಟೇ ಸಿಕ್ಕಿತು.

ದಾರಿಯಲ್ಲಿ ಸಂತೆಕಲ್ಲೂರಿನ ಹುಸೇನಸಾಬರು ಹತ್ತಿ ನನ್ನ ಮುಂದಿನ ಸೀಟಿನಲ್ಲಿ ಕುಳಿತರು. ಅವರ ಮೊಮ್ಮಗಳು ನನ್ನ ವಿದ್ಯಾರ್ಥಿನಿ.

“ಎಲ್ಲಿಗ್ರಿ ಅಕ್ಕೋರ?”

“ತಾಸೀಲಿಗ್ರಿ ಚಾಚಾ. ನೀವು?”

“ನಂದೂ ಲಿಂಗಸುಗೂರಾಗ ಸಣ್ಣ ಕೆಲಸ ಐತ್ರಿ,” ಎಂದು ಗಡ್ಡ ಸವರಿಕೊಂಡರು.

ಲಿಂಗಸುಗೂರಿನ ಕಚೇರಿಯಲ್ಲಿ ಪಾಳಿ ಉದ್ದವಿತ್ತು. ನನ್ನ ಸರದಿ ಬಂದಾಗ ಹನ್ನೆರಡೂವರೆ. ಗುಮಾಸ್ತ ಅರ್ಜಿಯ ಮೇಲೆ ಕಣ್ಣಾಡಿಸಿ, ನನ್ನ ಮುಖ ನೋಡಿ, ಮತ್ತೆ ಅರ್ಜಿ ನೋಡಿದ.

“ಅಕ್ಕೋರ, ಇದರಾಗ ಏನು ಬರದೀರಿ, ಒಮ್ಮಿ ಓದ್ರಿ.”

ಓದಿದೆ. ಸಾ: ಮಸ್ಕಿ. ತಾ: ಮಸ್ಕಿ. ನನ್ನದೇ ದುಂಡನೆಯ ಅಕ್ಷರ. ಕೆಳಗೊಂದು ಗೀಟು ಬೇರೆ ಎಳೆದಿದ್ದೆ, ಸಂತೋಷಕ್ಕೆ.

“ನಿಮ್ಮ ಕಚೇರಿ ನಿಮ್ಮೂರಾಗ ಐತ್ರಿ. ಇಲ್ಲಿಗ್ಯಾಕ ಬಂದೀರಿ?”

ಹಿಂದೆ ಪಾಳಿಯಲ್ಲಿ ನಿಂತವರಿಂದ ಕಿಸಕ್ಕೆಂದು ನಗು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಮ್ಮೂರಿನ ಆ ಕಚೇರಿಯ ಮುಂದೆಯೇ ದಿನಾ ಶಾಲೆಗೆ ನಡೆದು ಹೋಗುತ್ತೇನೆ. ತಾಸೀಲು ಎಂದ ಕೂಡಲೇ ಇಸ್ತ್ರಿ ಬಟ್ಟೆ ತೊಟ್ಟು ಲಿಂಗಸುಗೂರಿನ ಬಸ್ಸು ಹತ್ತುವುದು ನನ್ನ ಅಪ್ಪನಿಂದ ಬಂದ ರೂಢಿ. ತಲೆ ಮಸ್ಕಿ ತಾಲೂಕಿಗೆ ಸೇರಿದರೂ ಕಾಲು ಇನ್ನೂ ಲಿಂಗಸುಗೂರು ತಾಲೂಕಿನಲ್ಲೇ ಇತ್ತು.

ಅಷ್ಟರಲ್ಲಿ ಫೋನು. “ಯವ್ವಾ, ಎಲ್ಲಿದಿ?” ಮಗಳ ದನಿ.

“ಇಲ್ಲೇ ತಾಸೀಲಿನ್ಯಾಗ ಅದೀನವಾ,” ಎಂದೆ. ಸುಳ್ಳಂತೂ ಅಲ್ಲ.

“ಲಗೂನ ಬಾ. ನನ್ನ ಹಿಂದ ಭಾಳ ಮಂದಿ ನಿಂತಾರ. ಇಲ್ಲಿ ಒಂದು ನಿಮಿಷನೂ ತಡಿಯೂದಿಲ್ಲಂತ,” ಎಂದಳು. ದನಿ ಅಳುವಿನಂಚಿಗೆ ಬಂದಿತ್ತು. ನನ್ನ ಮರವೆಗೆ ಮಗಳ ಓದು ಬಲಿಯಾಯಿತಲ್ಲ ಎಂದುಕೊಳ್ಳುತ್ತ ಅರ್ಜಿ ಎತ್ತಿಕೊಂಡು ಹೊರಬಿದ್ದೆ. ಓಡುತ್ತ ಬಸ್ಸು ನಿಲ್ದಾಣಕ್ಕೆ ಬಂದರೆ ಅಲ್ಲಿ ಹುಸೇನಸಾಬರು ಮಂಡಾಳು, ಅಂದರೆ ಒಗ್ಗರಣೆ ಮಂಡಕ್ಕಿಯ ತಟ್ಟೆ ಹಿಡಿದು ಮೆಣಸಿನಕಾಯಿ ಬಜಿ ಕಡಿಯುತ್ತಿದ್ದರು. ನನ್ನ ಕತೆ ಕೇಳಿ ಬಜಿ ಕೈಯಲ್ಲೇ ಉಳಿಯಿತು.

“ತಾಸೀಲು ಮಸ್ಕಿಗೆ ಬಂದೈತಲ್ರೀ ಅಕ್ಕೋರ!”

“ನಿಮಗ ಗೊತ್ತಿತ್ತಾ? ಮತ್ತ ನೀವ್ಯಾಕ ಬಂದ್ರಿ?”

“ಮಿರ್ಚಿ ತಿನ್ನಾಕ್ರಿ,” ಎಂದರು. “ಮೊದಲು ಕಚೇರಿ ಕೆಲಸ ಅಂತ ನೆಪ ಇತ್ತು. ಈಗ ಕಚೇರಿ ಹೋತು, ಮಿರ್ಚಿ ಇಲ್ಲೇ ಉಳಿತು. ನೀವೂ ಹಂಗ ಬಂದೀರಿ ಅಂತ ಮಾಡಿದ್ದೆ. ದೊಡ್ಡೋರು, ಕೇಳೂದು ಹೆಂಗ?”

ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಬೇಡವೆಂದರೂ ಅವರು ಮಗಳಿಗೆಂದು ನಾಲ್ಕು ಬಜಿ ಕಟ್ಟಿಸಿ ಕೊಟ್ಟು, ಹೊರಟಿದ್ದ ಬಸ್ಸನ್ನು ಟೊಪ್ಪಿಗೆ ಬೀಸಿ ನಿಲ್ಲಿಸಿದರು.

ಮಸ್ಕಿಯಲ್ಲಿ ಇಳಿದು ಓಡಿದೆ. ಸಹಿ, ಶಿಕ್ಕಾ ಎರಡಕ್ಕೂ ಅರ್ಧ ತಾಸು ಸಾಕಾಯಿತು. ಬೆಳಿಗ್ಗೆಯೇ ಬಂದಿದ್ದರೆ ಸೀರೆಯ ಇಸ್ತ್ರಿ ಸಹ ಮುದುಡುತ್ತಿರಲಿಲ್ಲ. ಮತ್ತೆ ಬಸ್ಸು, ಮತ್ತೆ ಆಟೋ. ಸಿಂಧನೂರಿನ ಹಾಸ್ಟೆಲ್ ಕಚೇರಿಯ ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತಾಗ ಐದಕ್ಕೆ ಹತ್ತು ನಿಮಿಷ ಉಳಿದಿತ್ತು. ಮಗಳು ನನ್ನ ಕೈಯಿಂದ ಅರ್ಜಿ ಕಿತ್ತುಕೊಂಡು ಒಳಗೆ ಓಡಿದಳು. ಅರ್ಜಿ ತೆಗೆದುಕೊಂಡರು. ಕೋಣೆ ಸಿಕ್ಕಿತು. ನಾನು ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಸ್ವಲ್ಪ ಅತ್ತೆ, ಆಮೇಲೆ ತಣ್ಣಗಾದ ಬಜಿ ಒಂದನ್ನು ತಿಂದೆ.

ವಾರ್ಡನ್ ದಪ್ಪ ರಿಜಿಸ್ಟರ್ ಮುಂದಿಟ್ಟು “ಬರಿಯವಾ,” ಎಂದರು. ನಾನು ಎದ್ದು ಹೋಗಿ ಮಗಳ ಭುಜದ ಮೇಲಿಂದ ಬಗ್ಗಿ ನೋಡಿದೆ. ಆ ಎರಡು ಮಸ್ಕಿ ನೋಡುವ ಆಸೆ. ಊರು ಎಂಬಲ್ಲಿ ‘ಮಸ್ಕಿ’ ಎಂದು ಬರೆದಳು. ಅದರ ಕೆಳಗೆ ತಾಲೂಕು ಎಂಬಲ್ಲಿ ‘ಮೇಲಿನಂತೆ’ ಎಂಬ ಗುರುತಿಗೆ ಎರಡು ಚಿಕ್ಕ ಗೀಟು ಹಾಕಿ ಮುಂದಿನ ಸಾಲಿಗೆ ಹೋದಳು.

ನಾನು ಹಿಗ್ಗಿ ಹಿಗ್ಗಿ ಬರೆಯುವ ಹೆಸರಿಗೆ ಎರಡೇ ಗೀಟು! ಕ್ಷಣ ಹೊತ್ತು ಕೆಡುಕೆನಿಸಿತು. ಆಮೇಲೆ ಖುಷಿಯಾಯಿತು. ಅವಳ ಕಾಲಿಗೆ ಲಿಂಗಸುಗೂರಿನ ದಾರಿಯ ನೆನಪೇ ಇಲ್ಲ. ಮಸ್ಕಿ ನಿಜವಾಗಿ ತಾಲೂಕಾದದ್ದು ನನ್ನ ದುಂಡಕ್ಷರದಲ್ಲಲ್ಲ, ಅವಳ ಆ ಎರಡು ಗೀಟಿನಲ್ಲಿ.

ಮಗಳನ್ನು ಹಾಸ್ಟೆಲ್ಲಿನಲ್ಲೇ ಬಿಟ್ಟು ನಾನೊಬ್ಬಳೇ ವಾಪಸು ಹತ್ತಿದ ಬಸ್ಸಿಗೆ ‘ಲಿಂಗಸುಗೂರು’ ಎಂಬ ಬೋರ್ಡಿತ್ತು. “ಎಲ್ಲಿಗ್ರಿ?” ಎಂದ ಕಂಡಕ್ಟರ್. ನಾಲಿಗೆಯ ಮೇಲೆ ನಂಬಿಕೆಯಿಲ್ಲದೆ ಒಂದು ಗಳಿಗೆ ಯೋಚಿಸಿ, “ಮಸ್ಕಿ,” ಎಂದೆ. ಸಾಲದೇನೋ ಅನ್ನಿಸಿ ಮತ್ತೊಮ್ಮೆ, “ಮಸ್ಕಿ,” ಎಂದೆ.

ಅವನು ನನ್ನ ಪಕ್ಕದ ಖಾಲಿ ಸೀಟು ನೋಡಿದ.

“ಎರಡು ಟಿಕೇಟೇನ್ರಿ?”