ಎಲೆ ಉದುರಲಿ ಎಂದ ಬಾಬಾಸಾಹೇಬ

ಶೇಡಬಾಳದ ಬಾಬಾಸಾಹೇಬನಿಗೆ ದ್ರಾಕ್ಷಿ ಬಿಟ್ಟರೆ ಬೇರೆ ಮಾತೇ ಇರಲಿಲ್ಲ. ಮದುವೆ ಪಂಕ್ತಿಯಲ್ಲಿ ಕೂತರೂ ಬಳ್ಳಿ ಕತ್ತರಿಸುವ ಚಾಟ್ನಿಯ ಸುದ್ದಿ ತೆಗೆದು ಪಕ್ಕದವರ ತಲೆ ತಿನ್ನುತ್ತಿದ್ದ. ಎಡಗಣ್ಣಿನೊಳಗೆ ಮೆಲನೋಮಾ ಎಂಬ ಕ್ಯಾನ್ಸರ್ ಎದ್ದು, ಕಣ್ಣನ್ನೇ ತೆಗೆದು ಕೃತಕ ಕಣ್ಣು ಕೂಡಿಸಿದ ಮೇಲೂ ಆ ಚಟ ಹೋಗಲಿಲ್ಲ. ಆದರೆ ಎರಡು ವರ್ಷದ ಮೇಲೆ ಅದೇ ರೋಗ ಯಕೃತ್ತಿನಲ್ಲಿ ಕಾಣಿಸಿಕೊಂಡಾಗ ಮನುಷ್ಯ ಮೆತ್ತಗಾದ.

ಪುಣೆಯ ಡಾಕ್ಟರು ಮರಾಠಿಯಲ್ಲಿ ಬಿಡಿಸಿ ಹೇಳಿದರು. ಇಮ್ಯುನೋಥೆರಪಿ ಔಷಧಿಯನ್ನು ಮೂರು ವಾರಕ್ಕೊಮ್ಮೆ ಸಲಾಯಿನ್ ಹಚ್ಚಿ ಕೊಡಬೇಕು. ಅದು ಗಡ್ಡೆಯನ್ನು ತಾನೇ ಕೊಲ್ಲುವುದಿಲ್ಲ, ದೇಹದ ರಕ್ಷಣಾ ಶಕ್ತಿಗೆ ಬಿದ್ದ ಬ್ರೇಕ್ ತೆಗೆಯುತ್ತದೆ. ಚರ್ಮದ ಮೆಲನೋಮಾಕ್ಕೆ ಹತ್ತುವಷ್ಟು ಕಣ್ಣಿನದಕ್ಕೆ ಹತ್ತುವುದಿಲ್ಲ, ಕೆಲವರಿಗಷ್ಟೇ. ಬ್ರೇಕ್ ಹೋದ ಆ ಶಕ್ತಿ ಒಮ್ಮೊಮ್ಮೆ ಕರುಳಿನ ಮೇಲೂ ಬೀಳುತ್ತದೆ. ಭೇದಿ ಶುರುವಾದರೆ ಅವತ್ತೇ ತಿಳಿಸಬೇಕು.

ಎರಡನೇ ಸಲಾಯಿನ್ ಆದ ಮೇಲೆ ಭೇದಿ ಶುರುವಾಯಿತು. ಬಾಬಾಸಾಹೇಬ ಬಾಯಿ ಬಿಡಲಿಲ್ಲ. ಬೆಳಗಾದರೆ ತೋಟಕ್ಕೆ ಹೋಗಿ ಅಲ್ಲೇ ಉಳಿಯುತ್ತಿದ್ದ. ಹೇಳಿದರೆ ಔಷಧಿ ನಿಲ್ಲಿಸಿಬಿಟ್ಟಾರು ಎಂಬ ಅಂಜಿಕೆ ಒಂದು. ಇನ್ನೊಂದು, ತೋಟ ಕಲಿಸಿದ ಬುದ್ಧಿ. ಅಕ್ಟೋಬರ್ ಚಾಟ್ನಿಗೆ ಮೊದಲು ಬಳ್ಳಿಗೆ ಎಲೆ ಉದುರಿಸುವ ಔಷಧಿ ಹೊಡೆಯುತ್ತಾರೆ. ಎಲೆ ಹಳದಿಯಾಗಿ ಬಿದ್ದರೆ ಔಷಧಿ ಹತ್ತಿತು, ಚಿಗುರು ಒಂದೇ ಸಮ ಒಡೆಯುತ್ತದೆ ಎಂದೇ ಅರ್ಥ. ಮೈಯೂ ಹಾಗೆ ಉದುರಿಸಿ ಚಿಗುರುತ್ತದೆ ಎಂದು ಈ ಜಾಣ ನಂಬಿ ಕೂತ. ಹುಟ್ಟಿದಾಗಿನಿಂದ ತೋಟ ಮಾಡಿದವನ ಸೊಕ್ಕು ಅಂದರೆ ಇದೇ.

“ಯಾಕ್ರೀ, ಅಂಗಿ ಇಷ್ಟ ಸಡ್ಲ ಆಗೇತಿ?” ಎಂದು ಹೆಂಡತಿ ಕಾಳವ್ವ ಕೇಳಿದಳು.

“ಔಷಧಿ ಹತ್ತಾಕತ್ತೈತಿ ಬಿಡ. ಎಲಿ ಉದರಲಿ.”

ಕಾಳವ್ವನೂ ದ್ರಾಕ್ಷಿಯವರ ಮನೆಯಲ್ಲೇ ಬೆಳೆದವಳು. ಮಾತು ಸರಿಯೆನಿಸಿತು.

ಕೊನೆಗೆ ಒಂದು ಮಧ್ಯಾಹ್ನ ಬಳ್ಳಿಗಳ ಸಾಲಿನಲ್ಲಿ ಬಿದ್ದಿದ್ದವನನ್ನು ಆಕೆಯೇ ನೋಡಿದಳು. ಧೋತರಕ್ಕೆ ರಕ್ತ ಹತ್ತಿತ್ತು. ಪುಣೆಗೆ ಒಯ್ದರು. ಸ್ಟೀರಾಯ್ಡ್ ಕೊಟ್ಟು ಜೀವ ಉಳಿಸಿದರು.

ಸ್ಕ್ಯಾನ್ ನೋಡಿದ ಡಾಕ್ಟರು ಯಕೃತ್ತಿನ ಗಡ್ಡೆಗಳು ಕುಗ್ಗಿವೆ ಎಂದರು. ಬಾಬಾಸಾಹೇಬ ಹಾಸಿಗೆಯಲ್ಲಿ ಎದ್ದು ಕೂತ. ಔಷಧಿ ಹತ್ತುವ ಆ ಕೆಲವರಲ್ಲಿ ತಾನೂ ಒಬ್ಬ. ಮುಂದಿನ ಸಲಾಯಿನ್ ಯಾವಾಗ ಎಂದು ಕೇಳಿದ. ಇನ್ನು ಕೊಡುವಂತಿಲ್ಲ ಎಂದರು ಡಾಕ್ಟರು. ಮೊದಲೇ ತಿಳಿಸಿದ್ದರೆ ಗುಳಿಗೆಯಿಂದ ಕರುಳನ್ನು ತಣ್ಣಗಾಗಿಸಿ ಮತ್ತೆ ಕೊಡಬಹುದಿತ್ತೇನೋ; ಕರುಳು ಇಷ್ಟು ಕೆಟ್ಟ ಮೇಲೆ ಕೊಟ್ಟರೆ ಔಷಧಿಯೇ ಪ್ರಾಣ ತೆಗೆಯುತ್ತದೆ. ಈವರೆಗೆ ಕೊಟ್ಟದ್ದು ಎಷ್ಟು ದಿನ ತಡೆಯುತ್ತದೋ ಕಾದು ನೋಡಬೇಕು.

ಕಾಳವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ನಿಮ್ಮ ಮಾತ ನಂಬಿದ್ನಿ. ನೀವು ಬೀಳೂತನಕ ಒಂದ ದಿನಾನೂ ನಿಮ್ಮ ಹಿಂದ ತೋಟಕ್ಕ ಬರಲಿಲ್ಲ ನೋಡ್ರಿ.”

“ತಪ್ಪ ನಿಂದಲ್ಲ,” ಎಂದ ಅವನು. ಆಮೇಲೆ ಗೋಡೆಯ ಕಡೆ ಹೊರಳಿ ಅತ್ತ.

ಊರಿಗೆ ಬಂದ ಮೇಲೆ ಒಂದು ಬೆಳಿಗ್ಗೆ ತಾನಾಗಿಯೇ ಆಕೆಯನ್ನು ಕರೆದ. “ಕೇಳ ಬೇ, ಬಲಗಡೆ ಪಕ್ಕೆ ನೋಯಾಕತ್ತೈತಿ. ನಿನ್ನೆ ಉಂಡದ್ದೂ ನಿಲ್ಲಲಿಲ್ಲ. ಡಾಕ್ಟರಗ ಹೇಳ.” ಏನನ್ನೂ ಮುಚ್ಚಿಡಲಿಲ್ಲ. ಹೇಳಲು ಈಗ ಅಂಜಿಕೆಯೇನೂ ಇರಲಿಲ್ಲ. ಡಾಕ್ಟರು ನಿಲ್ಲಿಸಿಬಿಟ್ಟಾರು ಎನ್ನಲು ಯಾವ ಔಷಧಿಯೂ ಉಳಿದಿರಲಿಲ್ಲ.