ಕರೆಂಟು ಹೋದ ಹೊತ್ತಿನ ಯೋಗ

ಮಗಳು ಸಹನಾಗೆ ಎರಡೂವರೆ ವರ್ಷ ತುಂಬಿತ್ತು, ಇನ್ನೂ ಒಂದು ಮಾತು ಬಂದಿರಲಿಲ್ಲ. ಬನಹಟ್ಟಿಯ ಆ ಮನೆಯಲ್ಲಿ ಅದನ್ನು ಚಿಂತೆಯೆಂದು ಎಣಿಸಿದವಳು ರಾಜಶ್ರೀ ಒಬ್ಬಳೇ. ಹಾಲು ಕಾಯಿಸುವಾಗ, ರೊಟ್ಟಿ ಬಡಿಯುವಾಗ, ಮಗುವಿನ ತಲೆ ಬಾಚುವಾಗ ಅದು ಜೊತೆಗೇ ಇರುತ್ತಿತ್ತು. ಸೀರೆಗೆ ಹತ್ತಿದ ಅರಳೆಯ ಹಾಗೆ, ಇಲ್ಲಿ ಕೊಡವಿದರೆ ಅಲ್ಲಿ ಅಂಟುತ್ತಿತ್ತು.

“ಮಗ್ಗದ ಮನಿ ಹುಡುಗರು ತಡಾನ ಮಾತಾಡತಾವ,” ಅನ್ನುತ್ತಿದ್ದಳು ಅತ್ತೆ ಇಂದ್ರವ್ವ. “ನಿನ್ನ ಗಂಡ ನಾಕ ವರ್ಷಕ್ಕ ಬಾಯಿ ಬಿಟ್ಟ. ಈಗ ಬಿಟ್ಟ ಬಾಯಿ ಮುಚ್ಚಾಕ ಒಲ್ಲ.”

ಗಂಡ ಚಿದಾನಂದ ನಗುತ್ತಿದ್ದ. ರಾಜಶ್ರೀಗೆ ನಗು ಬರುತ್ತಿರಲಿಲ್ಲ.

ಮನೆಯ ಹಿಂದೆ ಎಂಟು ಪಾವರ್‌ಲೂಮ್. ಅವು ಓಡತೊಡಗಿದರೆ ಗೋಡೆ, ನೆಲ, ಹಲಗೆಯ ಮೇಲಿನ ತಾಟು ಎಲ್ಲವೂ ಸಣ್ಣಗೆ ನಡುಗುತ್ತಿದ್ದವು. ಆ ಸದ್ದಿನಲ್ಲಿ ಯಾರೂ ಯಾರನ್ನೂ ಕೂಗುತ್ತಿರಲಿಲ್ಲ. ಊಟಕ್ಕೆ ಬಾಯಿಯ ಬಳಿ ಐದು ಬೆರಳು, ಚಹಾಕ್ಕೆ ಎರಡು ಬೆರಳು, ಬಾ ಅನ್ನಲು ಬೀಸುವ ಕೈ. ಹುಬ್ಬಳ್ಳಿಯಲ್ಲಿ ಓದಿ ಬೆಳೆದ ರಾಜಶ್ರೀಗೆ ಇದನ್ನು ಕಲಿಯಲು ಒಂದು ವರ್ಷ ಹಿಡಿದಿತ್ತು. ಸಹನಾ ತೊಡೆಯ ಮೇಲೇ ಕಲಿತಳು. ಐದು ಬೆರಳು ತೋರಿಸಿದರೆ ಓಡಿ ಬರುತ್ತಿದ್ದಳು. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಆದರೆ ಆ ಸದ್ದಿನಲ್ಲಿ ಕರೆದರೆ ತಿರುಗುವವರು ಯಾರಿದ್ದರು?

ಪರ್ಸಿನಲ್ಲಿ ಒಂದು ಚೀಟಿ ಇತ್ತು. ಬೆಳಗಾವಿಯ ಕಿವಿ ಡಾಕ್ಟರ ನಂಬರು. ಹುಬ್ಬಳ್ಳಿಯ ಗೆಳತಿ ಬರೆದುಕೊಟ್ಟದ್ದು. ನಾಲ್ಕು ತಿಂಗಳಿಂದ ರಾಜಶ್ರೀ ಅದನ್ನು ತೆಗೆದು, ಮೊಬೈಲಿನಲ್ಲಿ ಏಳೆಂಟು ಅಂಕಿ ಒತ್ತಿ ಅಳಿಸುತ್ತಿದ್ದಳು. ಬಾಯಿಬಿಟ್ಟು ಹೇಳದಿರುವವರೆಗೆ ಅದು ಬರೀ ತನ್ನ ಹೆದರಿಕೆ. ಹೇಳಿಬಿಟ್ಟರೆ?

ಅದು ೨೦೧೦ರ ಬೇಸಿಗೆ. ದಿನಾ ಮಧ್ಯಾಹ್ನ ಮೂರಕ್ಕೆ ಕರೆಂಟು ಹೋಗುತ್ತಿತ್ತು, ನಾಲ್ಕೂವರೆಗೆ ಬರುತ್ತಿತ್ತು. ಮೂರಕ್ಕೆ ಇಡೀ ಓಣಿ ಒಮ್ಮೆಲೇ ಸುಮ್ಮನಾಗುತ್ತಿತ್ತು. ಬೇವಿನ ಮರದಲ್ಲಿ ಗುಬ್ಬಿಗಳಿದ್ದವೆಂದು ಆಗಷ್ಟೇ ತಿಳಿಯುತ್ತಿತ್ತು. ಆ ಹೊತ್ತಿಗೆ ಜನ ಚಾಪೆ ಸುತ್ತಿಕೊಂಡು ಯೋಗಕ್ಕೆಂದು ಗುರುಬಸವ್ವನ ಮಗ್ಗದ ಶೆಡ್ಡಿಗೆ ನಡೆಯುತ್ತಿದ್ದರು.

ಗುರುಬಸವ್ವನಿಗೆ ಅರವತ್ತರ ಮೇಲಾಗಿತ್ತು. ಬೀಳಗಿ ಕಡೆಯ ಹೊಳೆದಂಡೆಯ ಹಳ್ಳಿಯಲ್ಲಿ ಹುಟ್ಟಿ, ಹದಿನಾಲ್ಕಕ್ಕೆ ಬನಹಟ್ಟಿಗೆ ಸೊಸೆಯಾಗಿ ಬಂದು, ಮೊದಲು ಕಂಡಿಕೆಗೆ ನೂಲು ಸುತ್ತಿ, ಆಮೇಲೆ ಮಗ್ಗವನ್ನೇ ನಡೆಸಿದವಳು. ಅರಳೆಯ ಧೂಳು ಕುಡಿದು ಎದೆ ಕಟ್ಟಿತು. ಒಂದು ತಿಂಗಳು ಮೀರಜಿನ ಆಸ್ಪತ್ರೆಯಲ್ಲಿ ಮಲಗಿದಳು. ಅಲ್ಲಿನ ನರ್ಸಮ್ಮ ಒಬ್ಬಳು ಉಸಿರಾಟದ ಆಸನ ಕಲಿಸಿದಳು. ಇನ್ನೊಂದು ವಿದ್ಯೆಯನ್ನು ಗುರುಬಸವ್ವ ಕಿಟಕಿಯಿಂದ ಕಲಿತಳು. ಎದುರು ಮನೆಯಲ್ಲಿದ್ದ, ಚೀನಾ ಮೂಲದ ಹಲ್ಲು ಡಾಕ್ಟರ ಮುದಿ ತಂದೆ ದಿನಾ ಮುಂಜಾನೆ ಅಂಗಳದಲ್ಲಿ ನಿಂತು ಎರಡೂ ಕೈ ಮೆಲ್ಲಗೆ ಎತ್ತುವನು, ಇಳಿಸುವನು, ಏನನ್ನೋ ಬಳಿಗೆ ಎಳೆದುಕೊಳ್ಳುವನು.

“ಮುದುಕ ಗಾಳಿಯೊಳಗಿನ ನೂಲ ಸುತ್ತಾಕತ್ತಾನ ಅಂದ್ಕೊಂಡೆ,” ಅನ್ನುತ್ತಿದ್ದಳು ಗುರುಬಸವ್ವ. “ಹದಿನೈದ ದಿನ ನೋಡಿ ಇಳದ ಹೋದೆ. ಅವಗ ನನ್ನ ಮಾತ ಬರೂದಿಲ್ಲ, ನನಗ ಅವನ ಮಾತ ಬರೂದಿಲ್ಲ. ಕೈ ಹಿಡದ ಕಲಿಸಿದ. ಅದಕ್ಕ ಅವರ ಚೀನಾದಾಗ ಚಿಗೊಂಗ ಅಂತಾರಂತ.”

ಊರವರು ಅದನ್ನು ನೂಲಿನ ಯೋಗ ಅಂದರು. ಆಕೆಯ ಕ್ಲಾಸಿಗೆ ಮೊಣಕಾಲು ನೋವಿನವರು ಬರುತ್ತಿದ್ದರು, ಬಸುರಿಯರು ಬರುತ್ತಿದ್ದರು. ಪೋಲಿಯೋದಿಂದ ಒಂದು ಕಾಲು ಸೊರಗಿದ ಮುರಗೆಪ್ಪ ಸ್ಟೂಲಿನ ಮೇಲೆ ಕೂತು ಮಾಡುತ್ತಿದ್ದ. “ಕೈ ಏಳಲಿಲ್ಲಂದ್ರ ಬೆರಳ ಎತ್ರಿ. ಬೆರಳ ಏಳಲಿಲ್ಲಂದ್ರ ಉಸರ ಎತ್ರಿ,” ಅನ್ನುವುದೊಂದೇ ಆಕೆಯ ಪಾಠ.

“ಅಕ್ಕಾ, ಎರಡೂ ಕಾಲ ಚಾಚು ಅಂತೀ. ನನಗ ಅರ್ಧಾ ಯೋಗಾ ಸಾಕಲ್ಲ?” ಎಂದು ಮುರಗೆಪ್ಪ ಕೆಣಕುತ್ತಿದ್ದ.

ಮಗ್ಗ ಆಕೆಯ ಕಿವಿಯನ್ನು ಬಹುಪಾಲು ತಿಂದಿತ್ತು. ಆಕೆ ಅವನ ತುಟಿ ನೋಡಿಯೇ ಉತ್ತರ ಕೊಡುತ್ತಿದ್ದಳು: “ಕಾಲ ಅರ್ಧಾ ಇದ್ರೂ ನಡೀತೇತೋ ಮುರಗ್ಯಾ. ನಿನ್ನ ನಾಲಿಗಿ ಒಂದೂವರಿ ಐತಿ, ಮೊದಲ ಅದನ್ನ ಮಡಚು.”

ಇಂದ್ರವ್ವನ ಮೊಣಕಾಲಿನ ನೆಪದಲ್ಲಿ ರಾಜಶ್ರೀಯೂ ಮಗಳನ್ನು ಎತ್ತಿಕೊಂಡು ಹೋಗತೊಡಗಿದಳು. ನಿಂತ ಮಗ್ಗಗಳ ನಡುವೆ ಚಾಪೆಗಳು. ತಗಡಿನ ತೂತಿನಿಂದ ಇಳಿದ ಬಿಸಿಲುಕೋಲಿನಲ್ಲಿ ಅರಳೆಯ ಎಳೆಗಳು ತೇಲುತ್ತಿದ್ದವು. ಗುರುಬಸವ್ವ ಕೈ ಎತ್ತಿದರೆ ಇಪ್ಪತ್ತು ಜೊತೆ ಕೈ ಏಳುತ್ತಿದ್ದವು, ನೀರೊಳಗೆ ಎದ್ದ ಹಾಗೆ. ಆಕೆಯ ತವರೂರು ಮುಳುಗಿ ಹತ್ತು ವರ್ಷವಾಗಿತ್ತು. ಆಲಮಟ್ಟಿಯ ಹಿನ್ನೀರಿನ ಕೆಳಗೆ ಅದರ ಓಣಿಗಳು ಇನ್ನೂ ಇದ್ದಾವು. “ನೀರ ಸರಸ್ರಿ, ಸಾವಕಾಶ,” ಅನ್ನುವಾಗ ಆಕೆಯ ಕಣ್ಣು ದೂರ ಹೋಗುತ್ತಿತ್ತು. “ತಳದಾಗ ನಮ್ಮವ್ವನ ಮನಿ ಐತಿ. ಕದಡಬ್ಯಾಡ್ರಿ.”

ಎಲ್ಲರಿಗಿಂತ ಚೆನ್ನಾಗಿ ಮಾಡುತ್ತಿದ್ದವಳು ಸಹನಾ. ಗುರುಬಸವ್ವನ ಬೆರಳಿನಿಂದ ಕಣ್ಣು ಕೀಳದೆ, ತನ್ನ ಪುಟ್ಟ ಕೈಗಳನ್ನು ಅಷ್ಟೇ ಮೆಲ್ಲಗೆ ಎತ್ತಿ ಇಳಿಸುತ್ತಿದ್ದಳು. “ಶಾಣೇ ಕೂಸು!” ಎಂದು ಇಂದ್ರವ್ವ ಹಿಗ್ಗುತ್ತಿದ್ದಳು. ರಾಜಶ್ರೀಗೂ ಅಲ್ಲಿ ಎದೆ ಹಗುರಾಗುತ್ತಿತ್ತು. ನಾನೇ ಹುಚ್ಚಿ, ಕೂಸಿಗೆ ಏನೂ ಆಗಿಲ್ಲ ಅನಿಸುತ್ತಿತ್ತು.

ಆ ಬುಧವಾರ ಕಡೆಯ ಶವಾಸನಕ್ಕೆ ಎಲ್ಲರೂ ಮಲಗಿದರು. ಸಹನಾ ಕೂಡ ತಾಯಿಯ ಪಕ್ಕ ಕಣ್ಣು ಮುಚ್ಚಿ ಮಲಗಿದಳು. ಸ್ವಲ್ಪ ಹೊತ್ತಿಗೆ ಗುರುಬಸವ್ವ ಪೂಜೆಯ ಗಂಟೆ ಬಾರಿಸಿದಳು. ಆ ನಿಶ್ಶಬ್ದದಲ್ಲಿ ಅದು ಓಣಿಯ ಆಚೆಗೂ ಹೋಗುವಂತಿತ್ತು. ಎಲ್ಲರ ಕಣ್ಣು ತೆರೆದವು. ಸಹನಾ ತೆರೆಯಲಿಲ್ಲ. ನಿದ್ದೆ ಹತ್ತಿರಬೇಕು ಅಂದುಕೊಂಡಳು ರಾಜಶ್ರೀ. ಆದರೆ ಮಗು ಮುಚ್ಚಿದ ಕಣ್ಣಲ್ಲೇ ಹೊಟ್ಟೆಯ ಮೇಲೆ ಬೆರಳು ಆಡಿಸುತ್ತಿತ್ತು. ಎಚ್ಚರವೇ ಇತ್ತು.

ಗುರುಬಸವ್ವ ಮಗುವಿನ ತಲೆಯ ಹತ್ತಿರ ಕೂತು ಗಂಟೆಯನ್ನು ಇನ್ನೊಮ್ಮೆ ಬಾರಿಸಿದಳು. ರೆಪ್ಪೆ ಅಲುಗಲಿಲ್ಲ.

ಅಷ್ಟರಲ್ಲಿ ಕರೆಂಟು ಬಂತು. ಸ್ವಿಚ್ಚು ಆರಿಸದೆ ಬಿಟ್ಟಿದ್ದ ಮೂಲೆಯ ಮಗ್ಗವೊಂದು ಧಡ್ ಎಂದು ಶುರುವಾಯಿತು, ನೆಲ ನಡುಗಿತು. ಸಹನಾ ಕಣ್ಣು ತೆರೆದಳು. ಅಂಗೈಯನ್ನು ನೆಲಕ್ಕೆ ಒತ್ತಿ ತಾಯಿಯತ್ತ ನೋಡಿ ನಕ್ಕಳು.

ರಾಜಶ್ರೀ ಎದ್ದು ಮಗುವನ್ನು ಅವಚಿಕೊಂಡು ಹೊರಗೆ ಬಂದಳು. ಗುರುಬಸವ್ವ ಹಿಂದೆಯೇ ಬಂದು ಬೇವಿನ ಕೆಳಗೆ ಆಕೆಯನ್ನು ಕೂರಿಸಿದಳು.

“ನಾ ಹ್ವಾದ ವಾರನ ನೋಡಿದ್ನೆವ್ವ. ನಿನಗ ಹ್ಯಾಂಗ ಹೇಳೂದಂತ ಗಂಟೀನ ಹೇಳಲಿ ಅಂತ ಬಿಟ್ಟೆ.”

“ಮನ್ಯಾಗ ಯಾರಿಗೂ ಗೊತ್ತಾಗಿಲ್ರಿ, ಅಮ್ಮಾ.”

“ಗೊತ್ತಾಗೂದ ಹ್ಯಾಂಗ? ನನ್ನ ಕಿವಿ ಹೋಗಿದ್ದು ನನಗ ತಿಳಿಯಾಕ ಎಂಟ ವರ್ಷ ಹಿಡೀತು. ಮಗ್ಗದ ಮನ್ಯಾಗ ಕಿವುಡರ ಇರೂದಿಲ್ಲ ತಂಗಿ, ಎಲ್ಲಾರೂ ಕೈಲೇ ಮಾತಾಡತೀವಿ.” ಆಕೆ ಮಗುವಿನ ಅಂಗೈ ತಿರುಗಿಸಿ ನೋಡಿದಳು. “ನನಗ ನಡದ ಹೋತು. ಉಂಡೆ, ನೇಯ್ದೆ, ಆತು. ಈಕಿಗೆ ಇನ್ನೂ ಎರಡೂವರಿ. ಡಾಕ್ಟರ ಏನಂತಾರೋ ಅನ್ನಲಿ, ಮೊದಲ ಕೇಳು.”

ಅಷ್ಟರಲ್ಲಿ ಇಡೀ ಓಣಿಯ ಮಗ್ಗಗಳು ಎದ್ದಿದ್ದವು. ಫೋನು ಮಾಡಲು ಊರಲ್ಲಿ ಒಂದು ಸುಮ್ಮನಿರುವ ಮೂಲೆಯೂ ಇರಲಿಲ್ಲ.

ಮರುದಿನ ಮೂರಕ್ಕೆ ಕರೆಂಟು ಹೋಯಿತು. ಶೆಡ್ಡಿನಲ್ಲಿ ಇಪ್ಪತ್ತು ಜೊತೆ ಕೈಗಳು ಮೇಲೆದ್ದು ನಿಂತಿದ್ದವು, ಅವುಗಳ ನಡುವೆ ಸಹನಾಳ ಎರಡು ಕೈ. ರಾಜಶ್ರೀ ಗೋಡೆಗೆ ಒರಗಿ ಚೀಟಿ ಬಿಡಿಸಿದಳು, ಅಂಕಿಗಳನ್ನು ಒತ್ತಿದಳು. ಈ ಸಲ ಅಳಿಸಲಿಲ್ಲ.

“ಹಲೋ, ನನ್ನ ಮಗಳಿಗೆ ಕಿವಿ ಕೇಳಸೂದಿಲ್ರಿ! ಎರಡೂವರಿ ವರ್ಷದಾಕಿ. ಡಾಕ್ಟರಿಗೆ ತೋರಸ್ಬೇಕ್ರಿ!”

“ಅಕ್ಕಾರ, ಒದರಬ್ಯಾಡ್ರಿ,” ಅಂದಿತು ಆಚೆಯ ಹೆಣ್ಣುದನಿ, ಮೆತ್ತಗೆ. “ನನಗ ಕೇಳಸಾಕತ್ತೇತ್ರಿ.”

ಮಗ್ಗದ ಸದ್ದೇ ಇಲ್ಲದ ನಿಶ್ಶಬ್ದದಲ್ಲಿ ರಾಜಶ್ರೀ ಮಗ್ಗದ ಮನೆಯ ಗಂಟಲಲ್ಲಿ ಕೂಗಿದ್ದಳು. ಎಲ್ಲರೂ ತಿರುಗಿ ನೋಡುತ್ತಿದ್ದರು. ಇಂದ್ರವ್ವ ಎತ್ತಿದ ಕೈ ಇಳಿಸುವುದನ್ನು ಮರೆತು ನಿಂತಿದ್ದಳು. ಆಮೇಲೆ ಮೊಣಕಾಲು ಹಿಡಿದುಕೊಂಡು ಬಂದು ಮೊಮ್ಮಗಳನ್ನು ಎತ್ತಿ ಸೊಂಟಕ್ಕಿಟ್ಟುಕೊಂಡಳು. ಸೊಸೆಯ ಕಡೆ ನೋಡಿ, ಖಾಲಿಯಿದ್ದ ಕೈಯ ಬೆರಳು ಬಿಡಿಸಿ ಅಲುಗಿಸಿದಳು: ಯಾವತ್ತ ಬರೂನು, ಕೇಳು.

“ಯಾವತ್ತ ಬರೂನ್ರಿ?” ಎಂದು ರಾಜಶ್ರೀ ಸಣ್ಣ ದನಿಯಲ್ಲಿ ಕೇಳಿದಳು.