ಪಿತ್ತದ ದಾರಿಗೊಂದು ಕೂಳಿ

ಚೀ ಹೊಳೆಯ ದಂಡೆಯ ಆ ಊರಿನಲ್ಲಿ ಬಿದಿರು ಸೀಳುವ ಸದ್ದು ಕೇಳಿದರೆ ಅದು ಖಮ್ಮೂನಳ ಮನೆ ಎಂದು ಕಣ್ಣು ಮುಚ್ಚಿಕೊಂಡು ಹೇಳಬಹುದಿತ್ತು. ಕಂಬಗಳ ಮೇಲೆ ನಿಂತ ಮನೆಯ ಕೆಳಗಿನ ನೆರಳಿನಲ್ಲಿ ಕಾಲು ಚಾಚಿ ಕೂತು ಅವಳು ಮೀನು ಹಿಡಿಯುವ ಕೂಳಿ ಹೆಣೆಯುತ್ತಿದ್ದಳು. ವಯಸ್ಸು ಅರವತ್ತಮೂರು, ಓದಿದ್ದು ನಾಲ್ಕನೇ ತರಗತಿ. ಮಾತು ಕಡಿಮೆ, ಕಿವಿ ಚುರುಕು.

ಕೂಳಿಗಿಂತ ಹೆಚ್ಚಿನ ಹೆಸರು ಅವಳು ಮಾಡುವ ಕೋಯ್‌ಗೆ ಇತ್ತು. ಹೊಳೆಯಿಂದ ಗಂಡ ತೊಂಗ್‌ದಿ ತಂದ ಬಿಳಿ ಮೀನನ್ನು ಹಸಿಯಾಗಿಯೇ ಸಣ್ಣಗೆ ಕೊಚ್ಚಿ, ನಿಂಬೆ ಹಿಂಡಿ, ಹುರಿದ ಅಕ್ಕಿಯ ಪುಡಿ, ಮೆಣಸಿನಪುಡಿ, ಪುದೀನ, ಒಂದು ಹಿಡಿ ಕೆಂಪಿರುವೆ ಹಾಕಿ ಕಲಸುತ್ತಿದ್ದಳು. ಮದುವೆಯಿರಲಿ, ತಿಥಿಯಿರಲಿ, ಅವಳ ಕೈಯ ಕೋಯ್ ಇಲ್ಲದೆ ಎಲೆ ಮುಂದೆ ಯಾರೂ ಕೂರುತ್ತಿರಲಿಲ್ಲ. ನಿಂಬೆರಸ ಬಿದ್ದೊಡನೆ ಮೀನು ಬೆಳ್ಳಗಾಗುತ್ತದಲ್ಲ, ಅದು ಬೆಂದಂತೆಯೇ ಎಂದು ಎಲ್ಲರೂ ತಿಳಿದಿದ್ದರು. ಸರ್ಕಾರದ ವ್ಯಾನು ಬಂದು, ಹಸಿ ಮೀನಿನಲ್ಲಿ ಹುಳ ಇದೆ, ಅದು ಲಿವರಿಗೆ ಹೋಗಿ ಕೂರುತ್ತದೆ, ವರ್ಷಗಳಾದ ಮೇಲೆ ಅಲ್ಲೇ ಗಂಟಾಗುತ್ತದೆ ಎಂದು ಚಿತ್ರ ತೋರಿಸಿ ಮಾತ್ರೆ ಹಂಚಿ ಹೋಗುತ್ತಿತ್ತು. ಊರವರು ಮಾತ್ರೆ ನುಂಗುತ್ತಿದ್ದರು. ಹುಳ ಹೇಗೂ ಸಾಯುತ್ತದಲ್ಲ ಎಂದು ಅಂದು ಸಂಜೆಯೇ ಧೈರ್ಯವಾಗಿ ಕೋಯ್ ತಿನ್ನುತ್ತಿದ್ದರು. ಖಮ್ಮೂನಳ ಅಪ್ಪ ಹಳದಿಯಾಗಿ ಸತ್ತಿದ್ದ. ಅಣ್ಣನೂ ಹಾಗೇ ಹೋಗಿದ್ದ. ಆ ಎರಡೂ ತಿಥಿಗೆ ಕೋಯ್ ಕಲಸಿದವಳು ಅವಳೇ.

ಭತ್ತದ ಕೊಯ್ಲು ಮುಗಿದ ವಾರ ತೊಂಗ್‌ದಿಯ ಕಣ್ಣು ಹಳದಿಯಾಯಿತು. ಮೈಯೆಲ್ಲ ತುರಿಕೆ. ಬೆನ್ನನ್ನು ಕಂಬಕ್ಕೆ ಉಜ್ಜುತ್ತ, "ಎಮ್ಮೆ ಆಗ್ಬಿಟ್ಟೆ ಕಣೇ, ಮುದುಕಿ," ಎಂದು ನಗುತ್ತಿದ್ದ. ಅವಳಿಗೆ ನಗು ಬರಲಿಲ್ಲ. ಮಾರನೆಯ ಬೆಳಿಗ್ಗೆಯೇ ಅವನನ್ನು ಪಟ್ಟಣದ ದೊಡ್ಡಾಸ್ಪತ್ರೆಗೆ ಹೊರಡಿಸಿದಳು.

ಡಾಕ್ಟರು ಪಿಮ್ ಎಂಬ ಹುಡುಗಿ, ಇನ್ನೂ ಮೂವತ್ತು ದಾಟಿರಲಿಕ್ಕಿಲ್ಲ. ಚಿತ್ರ ಬರೆದು ತೋರಿಸಿದಳು. ಲಿವರಿನಿಂದ ಪಿತ್ತ ಇಳಿದು ಬರುವ ನಾಳದ ತುದಿಯಲ್ಲಿ ಗಂಟು ಕೂತಿದೆ. ದಾರಿ ಮುಚ್ಚಿದ್ದರಿಂದ ಪಿತ್ತ ರಕ್ತಕ್ಕೆ ಏರಿದೆ. ಗಂಟು ಇನ್ನೂ ಬೇರೆಡೆ ಹರಡಿಲ್ಲ, ಕೊಯ್ದು ತೆಗೆಯಬಹುದು. ಆದರೆ ಇಷ್ಟು ಹಳದಿ ಇರುವಾಗ ಕತ್ತರಿ ಹಾಕಿದರೆ ಮೈ ತಾಳುವುದಿಲ್ಲ. ಮೊದಲು ನಾಳದೊಳಗೆ ಒಂದು ಕೊಳವೆ ಇಟ್ಟು ಪಿತ್ತ ಇಳಿಸಬೇಕು, ಆಮೇಲೆ ಆಪರೇಷನ್.

ಎರಡು ಕೊಳವೆಗಳನ್ನು ಅಂಗೈಯಲ್ಲಿಟ್ಟು ತೋರಿಸಿದಳು. ಒಂದು ಪ್ಲಾಸ್ಟಿಕ್ಕಿನದು, ಸಣ್ಣದು, ನೀಲಿ. ಇನ್ನೊಂದು ಕೂದಲಿನಂಥ ತಂತಿಯಲ್ಲಿ ಹೆಣೆದದ್ದು. ಬೆರಳಲ್ಲಿ ಅದುಮಿ ಬಿಟ್ಟರೆ ಅರಳಿಕೊಳ್ಳುತ್ತಿತ್ತು.

ಖಮ್ಮೂನ್ ಹೆಣೆದದ್ದನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದಳು. "ಇದು ಕೂಳಿ ಇದ್ದಂಗಿದೆ. ನನ್ ಹೆಣಿಗೇನೇ."

"ಹಂಗಾದ್ರೆ ಹೊಟ್ಟೇಲೇ ಮೀನು ಹಿಡೀಬೋದು," ಎಂದ ತೊಂಗ್‌ದಿ. "ಹೊಳೆಗೆ ಹೋಗೋದು ತಪ್ತು."

"ಈ ನೀಲೀದು ಹೆಂಡದ ಜಾಡೀಗೆ ಇಟ್ಟು ಹೀರ್ತೀವಲ್ಲ, ಆ ಕಡ್ಡಿ ಇದ್ದಂಗಿದೆ. ಹೆಂಡದೊಳಗಿನ ಅಕ್ಕಿ ಹೊಟ್ಟು ಕಚ್ಕೊಂಡು ಅರ್ಧ ಜಾಡಿ ಆಗೋದ್ರೊಳಗೆ ಕಟ್ಕೊಳತ್ತೆ. ಅದನ್ಯಾಕೆ ಇಡ್ತೀರಿ ಡಾಕ್ಟ್ರಮ್ಮ? ಈ ಕೂಳೀನೇ ಇಡಿ," ಎಂದಳು ಖಮ್ಮೂನ್.

ಡಾಕ್ಟರು ನಗಲಿಲ್ಲ, ಕುರ್ಚಿ ಹತ್ತಿರ ಎಳೆದುಕೊಂಡು ಕೂತಳು. "ನೀವು ಹೇಳೋದು ಸರಿ ಅಮ್ಮ. ಪ್ಲಾಸ್ಟಿಕ್ಕಿನದು ಬೇಗ ಕಟ್ಕೊಳತ್ತೆ, ಒಂದೂವರೆ ತಿಂಗಳು, ಎರಡು ತಿಂಗಳು. ತಂತೀದು ಅಗಲ, ತುಂಬ ದಿನ ತಡಿಯತ್ತೆ. ಆದ್ರೆ ಅದು ನಮ್ಮ ಹತ್ರ ಇರೋದೇ ಕಡಿಮೆ. ಬಹಳ ದಿನ ಕಾಯ್ಬೇಕಾದವ್ರಿಗೆ ಇಡ್ತೀವಿ. ಆ ಪಕ್ಕದ ಹಾಸಿಗೆಯವ್ರಿಗೆ ಹೃದಯದ ತೊಂದ್ರೆ, ಮೂರು ತಿಂಗಳು ಆಪರೇಷನ್ ಆಗಲ್ಲ, ಅವ್ರಿಗೆ ಅದೇ ಇಟ್ಟಿದೀವಿ. ನಿಮ್ಮ ಯಜಮಾನ್ರಿಗೆ ಇವತ್ತಿಗೆ ಇಪ್ಪತ್ನಾಲ್ಕನೇ ದಿನಕ್ಕೆ ಆಪರೇಷನ್. ಅಷ್ಟಕ್ಕೆ ಈ ಕಡ್ಡಿ ಸಾಕು. ದಿನ ಮಾತ್ರ ತಪ್ಪಿಸ್ಬೇಡಿ."

ಆಮೇಲೆ ಅವಳು ಖಮ್ಮೂನಳ ಮೊಣಕೈ ಹಿಡಿದು ಇನ್ನೊಂದು ಮಾತು ಹೇಳಿದಳು. "ಚಳಿ ನಡುಕ ಬಂದ್ರೆ ಕಡ್ಡಿ ಕಟ್ಕೊಂಡಿದೆ ಅಂತ ಅರ್ಥ. ಆವತ್ತೇ ಬರ್ಬೇಕು. ನಾಳೆ ಅಲ್ಲ, ಆವತ್ತೇ."

ಬಾಯಿಯ ಮೂಲಕವೇ ಕೊಳವೆ ಇಳಿಸಿದರು. ವಾರ ಕಳೆಯುವುದರೊಳಗೆ ಕಣ್ಣು ತಿಳಿಯಾಯಿತು, ತುರಿಕೆ ನಿಂತಿತು. ತೊಂಗ್‌ದಿ ಅಂಟಕ್ಕಿ ಅನ್ನವನ್ನು ಉಂಡೆ ಕಟ್ಟಿ ಕಟ್ಟಿ ನುಂಗತೊಡಗಿದ. ಊರವರು ನೋಡಲು ಬಂದರು. "ಏನೋ ತೊಂಗ್‌ದಿ, ಮದುವಣಿಗ ಆಗಿದೀಯ!" ಎಂದರು. ತೊಂದರೆ ಶುರುವಾದದ್ದು ಅಲ್ಲೇ. ಕೊಳವೆಯನ್ನೇ ಅವನು ಔಷಧ ಎಂದುಕೊಂಡ.

"ವಾಸಿ ಆಯ್ತಲ್ಲ, ಇನ್ಯಾಕೆ ಕೊಯ್ಯೋದು?"

"ಗಂಟು ಒಳಗೇ ಇದೆ, ಮುದುಕ. ದಾರಿ ಬಿಡಿಸಿದಾರೆ ಅಷ್ಟೆ."

"ನಿನ್ ಅಣ್ಣನ್ನೂ ಕೊಯ್ದ್ರು. ಎಷ್ಟು ದಿನ ಇದ್ದ?"

ಅಣ್ಣ ಆಸ್ಪತ್ರೆಗೆ ಹೋದದ್ದೇ ತಡವಾಗಿ, ಹೊಟ್ಟೆ ತೆರೆದು ಹಾಗೇ ಮುಚ್ಚಿದ್ದರು ಎಂದು ಹೇಳಬಹುದಿತ್ತು. ಅವಳು ಅನ್ನದ ಬುಟ್ಟಿಯನ್ನು ಅವನತ್ತ ಸರಿಸಿದಳು.

ಆಪರೇಷನ್ನಿನ ದಿನ ಕಳೆದು ಎರಡು ದಿನಕ್ಕೆ ಅವನ ತಾಯಿಯ ಹೆಸರಿನಲ್ಲಿ ಭಿಕ್ಷುಗಳಿಗೆ ಊಟ ಹಾಕುವುದಿತ್ತು. ಹಿರಿಮಗ ಅವನು. "ಅಮ್ಮನ ಪುಣ್ಯ ಬಿಟ್ಟು ಹೊಟ್ಟೆ ಕೊಯ್ಸಿಕೊಳ್ಳೋಕೆ ಹೋಗ್ಲಾ? ಮೇಜಿನ ಮೇಲೇ ಸತ್ರೆ ಅಲ್ಲಿ ಅವಳಿಗೆ ಏನಂತ ಮುಖ ತೋರಿಸ್ಲಿ?" ಎಂದ. ಖಮ್ಮೂನ್ ಆಸ್ಪತ್ರೆಗೆ ಫೋನ್ ಮಾಡಿಸಿದಳು. ಹೊಸ ದಿನ ಐದು ವಾರ ಮುಂದಕ್ಕೆ ಹೋಯಿತು. "ಹಾಗಾದ್ರೆ ನಡುವೆ ಒಂದ್ಸಲ ಬನ್ನಿ, ಕೊಳವೆ ಬದಲಾಯಿಸ್ಬೇಕು," ಎಂದಳು ನರ್ಸು.

ಊಟ ಚೆನ್ನಾಗಿ ನಡೆಯಿತು. ಅವಳೇ ಕೋಯ್ ಕಲಸಿದಳು, ತೊಂಗ್‌ದಿ ಎರಡು ಸಲ ಹಾಕಿಸಿಕೊಂಡ. ಕೊಳವೆ ಬದಲಾಯಿಸುವ ದಿನ ಬಂದಾಗ, "ತಿಂತಾ ಇದೀನಿ, ಮಲಗ್ತಾ ಇದೀನಿ, ಸುಮ್ನೆ ಬಾಯೊಳಗೆ ಹಾವು ಬಿಡಿಸ್ಕೊಳ್ಳೋಕೆ ಹೋಗ್ಲಾ?" ಎಂದು ಬಲೆ ಹೆಗಲಿಗೆ ಹಾಕಿಕೊಂಡು ಹೊಳೆಗೆ ಹೋದ. ಖಮ್ಮೂನ್ ಬಿದಿರು ಸೀಳುತ್ತ ಕೂತಿದ್ದಳು. ನಲವತ್ತು ವರ್ಷ ಜಾಡಿಗೆ ಕಡ್ಡಿ ಹಾಕಿ ಕೊಟ್ಟವಳು ಅವಳು. ಹೊಟ್ಟು ಹೇಗೆ ಕಚ್ಚಿಕೊಳ್ಳುತ್ತದೆಂದು ಅವಳಷ್ಟು ಬಲ್ಲವರು ಇರಲಿಲ್ಲ. ಎದ್ದು ಹೋಗಿ ಬಲೆ ಕಿತ್ತುಕೊಳ್ಳಬೇಕೆನ್ನಿಸಿತು. ಹೆಣಿಗೆ ಅರ್ಧದಲ್ಲಿತ್ತು, ಏಳಲಿಲ್ಲ.

ಹೊಸ ದಿನಕ್ಕೆ ಇನ್ನು ಎಂಟು ದಿನ ಇರುವಾಗ ಬೆಳಿಗ್ಗೆ ಅವನಿಗೆ ನಡುಕ ಹತ್ತಿತು. ಮೂರು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತಿತ್ತು. ಖಮ್ಮೂನ್ ರೆಪ್ಪೆ ಎತ್ತಿ ನೋಡಿದಳು. ಹಳದಿ ಮರಳಿತ್ತು.

"ಆಸ್ಪತ್ರೆಗೆ ಹೋಗ್ಬೇಕು," ಎಂದಳು.

ಅಷ್ಟರಲ್ಲಿ ಮೈದುನ ಖಮ್‌ಸಿಂಗ್ ಊರಿನ ಹಿರಿಯ ಸೀತಜ್ಜನನ್ನು ಕರೆತಂದಿದ್ದ. ಮೈಯಿಂದ ಹೊರಬಿದ್ದ ಜೀವವನ್ನು, ಅವರ ಮಾತಿನಲ್ಲಿ ಖ್ವನ್, ಮರಳಿ ಕರೆಯುವವನು ಸೀತಜ್ಜ. ಅವನು ಅಂಗೈ ಮುಟ್ಟಿ ನೋಡಿ ತಲೆಯಾಡಿಸಿದ. "ಖ್ವನ್ ಆಸ್ಪತ್ರೇಲೇ ಉಳ್ಕೊಂಡ್ಬಿಟ್ಟಿದೆ. ಬಾಯೊಳಗೆ ಕೊಳವೆ ಬಿಟ್ಟಾಗ ಹೆದ್ರಿ ಓಡಿದೆ. ಅದಕ್ಕೇ ಮೈ ಖಾಲಿ, ಅದಕ್ಕೇ ಚಳಿ."

"ಡಾಕ್ಟ್ರಮ್ಮ ಆವತ್ತೇ ಬಾ ಅಂದಿದಾರೆ ಅಜ್ಜ."

"ಖ್ವನ್ ಇಲ್ದಿರೋ ಮೈ ಎತ್ಕೊಂಡ್ಹೋಗಿ ಏನ್ ಮಾಡ್ತೀಯಮ್ಮ? ಮೊದ್ಲು ಕರೆಯೋಣ."

ಬಾಳೆಲೆಯ ಗೋಪುರ ಕಟ್ಟಿ, ಮೊಟ್ಟೆ, ಅನ್ನ, ಹೂವು ಇಟ್ಟು ಕರೆದರು. ಊರವರೆಲ್ಲ ಸರದಿಯಲ್ಲಿ ಬಂದು, ಖ್ವನ್ ಮತ್ತೆ ಓಡದಂತೆ ಅವನ ಕೈಗೆ ಬಿಳಿ ದಾರ ಕಟ್ಟಿದರು. ಮಣಿಕಟ್ಟು ಕಾಣದಷ್ಟು ದಾರ. ಮುಗಿದ ಮೇಲೆ ಸೀತಜ್ಜ ಹೇಳಿದ: "ಮೂರು ದಿನ ಮನೆ ಬಿಡ್ಬಾರ್ದು, ನೀರು ದಾಟ್ಬಾರ್ದು. ಈಗ ತಾನೆ ಬಂದಿದೆ, ದಾಟಿದ್ರೆ ಮತ್ತೆ ಬಿದ್ದೋಗತ್ತೆ."

ಆಸ್ಪತ್ರೆಗೆ ಹೋಗಲು ಹಳ್ಳ ದಾಟಲೇಬೇಕು. ಖಮ್ಮೂನ್ ಒಲೆ ಹೊತ್ತಿಸಿ ಗಂಜಿಗೆ ಇಟ್ಟಳು. ನಡುಕ ನಿಂತದ್ದನ್ನು ನೋಡಿ ಅವಳಿಗೂ ಒಂದು ಗಳಿಗೆ ಹೌದೆನ್ನಿಸಿತ್ತು. ಎರಡನೆಯ ದಿನ ಮಧ್ಯಾಹ್ನ ಅವನು ಅವಳನ್ನು "ಅಮ್ಮಾ" ಎಂದು ಕರೆದ. ಗುರುತು ಹತ್ತಿರಲಿಲ್ಲ. ಅವಳು ಯಾರನ್ನೂ ಕೇಳಲಿಲ್ಲ. ಪಕ್ಕದ ಮನೆಯ ಟ್ರ್ಯಾಕ್ಟರ್ ಗಾಡಿ ತರಿಸಿ ಹುಲ್ಲು ಹಾಸಿ ಮಲಗಿಸಿದಳು. "ಅತ್ತಿಗೆ, ಇನ್ನೊಂದೇ ದಿನ!" ಎಂದು ಖಮ್‌ಸಿಂಗ್ ಅಡ್ಡ ನಿಂತ. "ಒಂದ್ ದಿನ ಅಂತಾನೇ ಇಲ್ಲಿಗೆ ಬಂದು ನಿಂತಿದೀವಿ, ಸರಿಯೋ ಆಚೆಗೆ," ಎಂದಳು. ಹಳ್ಳ ದಾಟುವಾಗ ಅವನ ಎರಡೂ ಕೈಗಳನ್ನು ತನ್ನ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು.

ಆಸ್ಪತ್ರೆಯಲ್ಲಿ ಸೂಜಿ ಚುಚ್ಚಲು ಜಾಗ ಸಾಲದೆ ದಾರಗಳನ್ನು ಕತ್ತರಿಸಿದರು. ಪಿಮ್ ಹಳೆಯ ಕೊಳವೆ ತೆಗೆದು ತಂದು ತೋರಿಸಿದಳು. ಕೆಸರಿನಂಥದ್ದು ಒಳಗೆಲ್ಲ ಗಿಡಿದು ತುಂಬಿತ್ತು, ಥೇಟ್ ಹೊಟ್ಟು. ಹಿಂದೆ ನಿಂತ ಪಿತ್ತ ಕೀವಾಗಿ, ನಂಜು ರಕ್ತಕ್ಕೆ ಏರಿತ್ತು. ಈ ಸಲ ಕೇಳದೆಯೇ ತಂತಿಯದನ್ನು ಇಟ್ಟಿದ್ದಳು.

"ಮೊನ್ನೇನೇ ನಡುಕ ಬಂತಾ ಅಮ್ಮ?"

"ಹೂಂ."

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತೆಂದು ಖಮ್ಮೂನಳಿಗೆ ಅನ್ನಿಸಿತು.

ಒಂದೂವರೆ ತಿಂಗಳು ಅಲ್ಲೇ ಇದ್ದರು. ಜ್ವರ ಇಳಿಯಿತು, ಹಳದಿ ಹೋಯಿತು, ತೊಂಗ್‌ದಿ ಮೂಳೆ ಚಕ್ಕಳವಾದ. ಮತ್ತೆ ಹೊಟ್ಟೆಯ ಚಿತ್ರ ತೆಗೆದಾಗ ಗಂಟು ಲಿವರಿಗೆ ಹರಡಿತ್ತು. ಇನ್ನು ಕೊಯ್ಯಲು ಬರುವುದಿಲ್ಲ ಎಂದರು. ಮೊದಲ ಸಲ ಪಕ್ಕದ ಹಾಸಿಗೆಯಲ್ಲಿದ್ದ ಹೃದಯದ ತೊಂದರೆಯವನು ತನ್ನ ಮೂರು ತಿಂಗಳು ಕಾದು, ಕೊಯ್ಯಿಸಿಕೊಂಡು, ವಾರ್ಡಿನ ಗೋಡೆ ಹಿಡಿದು ನಡೆಯುತ್ತಿದ್ದ.

"ಕೂಳಿ ಇಟ್ಟಿದಾರಂತೆ?" ಎಂದು ಕೇಳಿದ ತೊಂಗ್‌ದಿ.

"ಇಟ್ಟಿದಾರೆ."

"ನೀ ಹೆಣೆದಿದ್ದಷ್ಟು ಗಟ್ಟಿ ಇರತ್ತೇನೆ?"

"ಇದು ಇನ್ನೂ ಗಟ್ಟಿ," ಎಂದಳು.

ಐದು ತಿಂಗಳಿಗೆ ಅವನು ಮನೆಯಲ್ಲೇ ಸತ್ತ. ಕೊನೆಯವರೆಗೂ ಕಣ್ಣು ಬೆಳ್ಳಗಿತ್ತು.

ಸುಟ್ಟ ಮೂರನೆಯ ದಿನ ಬೆಳಿಗ್ಗೆ ಮೂಳೆ ಆಯಲು ಕೂತರು. ಬೂದಿಯಲ್ಲಿ ಖಮ್ಮೂನಳ ಬೆರಳಿಗೆ ಏನೋ ತಾಗಿತು. ಅದೇ ತಂತಿಯ ಕೂಳಿ, ಕಪ್ಪಾಗಿತ್ತು, ಆದರೆ ಹೆಣಿಗೆ ಒಂದೂ ಬಿಟ್ಟಿರಲಿಲ್ಲ. ಎರಡೂ ಬಾಯಿ ತೆರೆದೇ ಇದ್ದವು. "ಅದನ್ನ ಹೊಳೆಗೆ ಎಸೀಮ್ಮ," ಎಂದ ಸೀತಜ್ಜ. ಅವಳು ಮೂಳೆಗಳ ಜೊತೆ ಎಳನೀರಿನಲ್ಲಿ ಅದನ್ನೂ ತೊಳೆದು ಮಡಕೆಗೆ ಹಾಕಿದಳು.

ನೂರನೆಯ ದಿನದ ಊಟಕ್ಕೆ ಅವಳು ಕೊಚ್ಚಿದ ಮೀನನ್ನು ಬಾಣಲೆಗೆ ಹಾಕಿ ಚೆನ್ನಾಗಿ ಬೇಯಿಸಿಯೇ ಕಲಸಿದಳು. ಜನ ಎರಡು ತುತ್ತು ತಿಂದು ಪಕ್ಕಕ್ಕೆ ಸರಿಸಿದರು.

"ಏನತ್ತಿಗೆ ಇದು, ರಬ್ಬರ್ ಇದ್ದಂಗಿದೆ," ಎಂದ ಖಮ್‌ಸಿಂಗ್. "ಅಣ್ಣ ಇದ್ದಿದ್ರೆ ತಟ್ಟೆ ಎಸೀತಿದ್ದ. ಒಳಗೆ ಒಂಚೂರು ಹಸೀದು ಇಟ್ಟಿರ್ತೀಯ, ಗೊತ್ತು ನಂಗೆ. ತಗೊಂಬಾ, ನಿಂಬೆ ನಾನೇ ಹಿಂಡ್ಕೋತೀನಿ." ಹೇಳುತ್ತ ಹೇಳುತ್ತಲೇ ಅವನು ಮೊಣಕೈ ಕೆರೆದುಕೊಂಡ, ಆಮೇಲೆ ಕತ್ತು.

ಖಮ್ಮೂನ್ ಸೌಟು ಕೆಳಗಿಟ್ಟು ಎದ್ದಳು. ಅವನ ರಟ್ಟೆ ಹಿಡಿದಳು.

"ಬಿಸಿಲಿಗೆ ಬಾ," ಎಂದಳು. "ಕಣ್ಣು ತೋರ್ಸು."